ಸಿನಿಮಾಕ್ಕೆ ಬೇಡವಾದ ಗಿಳಿಹಸಿರು

"ಏ! ಕಾಯ್ ಚಾಲ್ಲಂಯ್ ರೇ?"

ಏನೋ ನಡೆಸಿದ್ದೀಯಾ ಅಂತ ಮಾಯಾ ಮರಾಠಿಯಲ್ಲಿ ಕೂಗಿದ ಕೂಗಿಗೆ ತಗಡಿನ ಮೇಲೆ ಮಲಗಿದ್ದ ಬೆಕ್ಕು ಕೂಡ ಎದ್ದು ಓಡಿತು. ಆದರೆ ಆ ಮನುಷ್ಯ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಭಾನುವಾರದ ಬೆಳಗು. ಪುಣೆಯ ಬಿಬವೇವಾಡಿಯ ಆ ಚಾಳಿನ ಓಣಿಯಲ್ಲಿ, ಅಂದರೆ ಸಾಲುಮನೆಗಳ ವಠಾರದಲ್ಲಿ, ಹೆಂಗಸರೆಲ್ಲ ನಲ್ಲಿಯ ಸುತ್ತ ಕೂತು ಪಾತ್ರೆ ತಿಕ್ಕುವ ಹೊತ್ತು. ಅಂಥ ಹೊತ್ತಿನಲ್ಲಿ ಗುರುತು ಪರಿಚಯ ಇಲ್ಲದವನೊಬ್ಬ ಮೊಬೈಲ್ ಎತ್ತಿ ಹಿಡಿದು ಕ್ಲಿಕ್, ಕ್ಲಿಕ್ ಅಂತ ಫೋಟೋ ತೆಗೆಯುತ್ತಿದ್ದರೆ ಸುಮ್ಮನಿರುವ ಜಾತಿಯವಳಲ್ಲ ನಮ್ಮ ಮಾಯಾ.

ಕೈಯಲ್ಲಿ ಬಕೆಟ್ ಇತ್ತು. ಬಕೆಟ್ಟಿನಲ್ಲಿ ಪಾತ್ರೆ ತೊಳೆದ ನೀರಿತ್ತು. ಬೀಸಿ ಎರಚಿಯೇಬಿಟ್ಟಳು!

"ಅಯ್ಯೋ ದೇವ್ರೇ! ಸತ್ತೆ... ಫೋನು!"

ಕನ್ನಡ!

ಅದೂ ಮೈಸೂರು ಕಡೆಯ ಕನ್ನಡ. ಮಾಯಾ ಒಂದು ಕ್ಷಣ ಬೆಪ್ಪಾದಳು. ಆದರೆ ಸಿಟ್ಟು ಕನ್ನಡ ಕೇಳಿದ ತಕ್ಷಣ ಇಳಿಯುವಂಥದ್ದಲ್ಲವಲ್ಲ! ಮುಂದೆ ಬಂದವಳೇ ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

"ಯಾರ ಫೋಟೋ ತಗೀಲಿಕ್ಕತ್ತಿದ್ದಿ? ಹೆಣ್ಮಕ್ಕಳು ಕುಂತದ್ದು ಕಾಣಂಗಿಲ್ಲೇನ್ ನಿನಗ? ತೋರಸ್ತೀನಿ ತಡಿ!"

ಫೋಟೋಗಳನ್ನು ಒಂದೊಂದೇ ಸರಿಸಿದಳು. ಗೋಡೆ. ಮತ್ತೆ ಗೋಡೆ. ತುಕ್ಕು ಹಿಡಿದ ಪೈಪು. ಮಾಸಿದ ನೀಲಿ ಬಾಗಿಲು. ಮತ್ತೂ ಗೋಡೆ... ಒಂದೇ ಒಂದು ಮನುಷ್ಯಪ್ರಾಣಿ ಇಲ್ಲ!

"ಇದೇನ್... ಬರೇ ಗೋಡಿ ಅವ?"

"ಗೋಡೆನೇ ಕಣ್ರೀ ಬೇಕಾಗಿದ್ದು," ಮುಖದ ಮೇಲಿನ ನೀರು ಒರೆಸಿಕೊಳ್ಳುತ್ತ ಅಂದ ಅವನು. ಹುಬ್ಬಿನ ಮೇಲೆ ಅನ್ನದ ಅಗುಳೊಂದು ಅಂಟಿಕೊಂಡಿತ್ತು. "ನಾನು ಅಭಿಲಾಷ ಅಂತ. ಸಿನಿಮಾಗೆ ಲೊಕೇಶನ್ ಹುಡುಕೋನು. ಪ್ಲೀಸ್, ಫೋನ್ ಕೊಡ್ತೀರಾ?"

ನಲ್ಲಿಯ ಹತ್ತಿರ ಕೂತಿದ್ದ ಪಕ್ಕದ ಮನೆಯ ಭೀಮವ್ವ ಕಿಸಕ್ಕನೆ ನಕ್ಕಳು. ಅದಕ್ಕೆ ಇಡೀ ನಲ್ಲಿಯೇ ನಕ್ಕಿತು.

ಮಾಯಾಳ ಕೆನ್ನೆ ಕೆಂಪಾಯಿತು. ಫೋನನ್ನು ತನ್ನ ದುಪಟ್ಟಾದಿಂದ ಒರೆಸಿ ಕೊಟ್ಟಳು. "ಹುಬ್ಬಿನ ಮ್ಯಾಲ ಅನ್ನ ಅದ. ತಕ್ಕೋರಿ," ಅಂದು ಒಳಗೆ ಓಡಿದಳು.

*

ಅವನು ಮರುದಿನವೂ ಬಂದ. ಅದರ ಮರುದಿನವೂ ಬಂದ.

ವಿಷಯ ಇಷ್ಟು. ಹೋದ ವರ್ಷ ಎಲ್ಲರೂ ನೋಡಿ ಅತ್ತಿದ್ದ ಒಂದು ಇಂಗ್ಲಿಷ್ ಸಿನಿಮಾ ಇತ್ತಲ್ಲ, ದ್ವೀಪದಲ್ಲಿ ಮಗಳನ್ನು ಕಳೆದುಕೊಂಡ ತಾಯಿಯದು? ಹಿಂದಿಯಲ್ಲಿ ಟಿವಿಗೆ ಬಂದಾಗ ಭೀಮವ್ವ ಅತ್ತ ಅಳುವಿಗೆ ಒಲೆಯ ಮೇಲಿನ ಹಾಲು ಉಕ್ಕಿಹೋಗಿತ್ತು. ಅದರ ಎರಡನೆಯ ಭಾಗ ತೆಗೆಯುತ್ತಾರಂತೆ. ಅದೂ ಇವರ ಓಣಿಯಲ್ಲಿ!

"ಅಲ್ರೀ, ಅದು ಸಮುದ್ರದ ದಂಡಿ ಕಥಿ. ಪುಣ್ಯಾದಾಗ ಸಮುದ್ರ ಎಲ್ಲಿಂದ ತರ್ತೀರಿ?" ಅಂತ ಮಾಯಾ ಕೇಳಿದಳು.

ಅಭಿಲಾಷನ ಕಣ್ಣುಗಳು ಅರಳಿದವು. ಈ ಮಾತು ಎತ್ತಿದರೆ ಅವನಿಗೆ ಹಸಿವು ನೀರಡಿಕೆ ಯಾವುದೂ ಇಲ್ಲ.

"ಅದೇ ಮಜಾ ಕಣ್ರೀ! ಹೊರದೇಶದೋರ ಎಷ್ಟೋ ದೊಡ್ಡ ಸಿನಿಮಾ ನಮ್ಮಂಥ ಬಿಸಿಲು ದೇಶದಲ್ಲೇ ತೆಗ್ದಿರೋದು. ಕಥೆ ಒಂದು ದೇಶದ್ದು, ಶೂಟಿಂಗ್ ಇನ್ನೊಂದು ದೇಶದಲ್ಲಿ. ಇದರಲ್ಲಿ ಸಮುದ್ರ ಶ್ರೀಲಂಕಾದ್ದು, ಓಣಿ ನಿಮ್ದು. ಆ ತಾಯಿ ನಿಮ್ಮ ಮನೆ ಮುಂದೆ ಓಡಿ ಬರ್ತಾಳೆ, ಮೂಲೆ ತಿರುಗಿದ್ರೆ... ಸಮುದ್ರ!"

ಮಾಯಾ ಓಣಿಯ ಮೂಲೆ ನೋಡಿದಳು. ಅಲ್ಲಿ ಹುಲಿಗೆಪ್ಪನ ಕಿರಾಣಿ ಅಂಗಡಿ ಇತ್ತು. ಆದರೂ ಆ ಕ್ಷಣ ಅವಳಿಗೆ ನಿಜವಾಗಿಯೂ ಅಲೆಯ ಸದ್ದು ಕೇಳಿಸಿದ ಹಾಗಾಯಿತು.

ಓಣಿಯ ಒಪ್ಪಿಗೆ ಬೇಕಿತ್ತು. ಅವನ ಮರಾಠಿ ಅಷ್ಟಕ್ಕಷ್ಟೇ. ಹಾಗಾಗಿ ಮನೆ ಮನೆಗೆ ಮಾಯಾಳೇ ಕರೆದುಕೊಂಡು ತಿರುಗಿದಳು. ಸಂಜೆ ಅವಳ ಅವ್ವ ಸಕ್ಕುಬಾಯಿ ಚಹಾ ಕೊಡುತ್ತಿದ್ದಳು. ಕಟ್ಟಡದ ಕೆಲಸದಿಂದ ಬಂದ ಅಪ್ಪ ಅವ್ವಣ್ಣ ಅವನ ಜೊತೆ ಕೂತು, ಯಾದಗಿರಿ ಕಡೆಯ ತಮ್ಮೂರಿನ ಬಯಲಾಟದ ಕಥೆ ಹೇಳುತ್ತಿದ್ದ.

ಬೆಳಿಗ್ಗೆ ಮಾಯಾ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವನ ಸ್ಕೂಟರ್ ಹೇಗೋ ಸರಿಯಾಗಿ ಮೂಲೆಯಲ್ಲಿ ನಿಂತಿರುತ್ತಿತ್ತು. ಸದಾಶಿವ ಪೇಠದ ಕೋಚಿಂಗ್ ಕ್ಲಾಸಿನಲ್ಲಿ ಅವಳಿಗೆ ರಿಸೆಪ್ಶನ್ ಕೆಲಸ.

"ನಿಮ್ಮ ದಾರೀನೂ ಇದs ಏನ್ರಿ?" ಅಂತ ಅವಳು ಕೇಳಿದ್ದಳು.

"ಅಲ್ಲ. ನೀವು ದಿನಾ 'ಬರ್ರಿ' ಅಂತೀರಲ್ಲ, ಅದನ್ನ ಕೇಳೋಕೆ ಬರ್ತೀನಿ."

ಅವತ್ತು ಇಡೀ ದಿನ ಫೋನ್ ಎತ್ತಿದಾಗಲೆಲ್ಲ ಮಾಯಾಳ ದನಿ ನಗುತ್ತಿತ್ತು. ಪಕ್ಕದ ಕುರ್ಚಿಯ ಗೆಳತಿ ಇಂಪನಾ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏನೇ ಇದು, ಅಡ್ಮಿಷನ್ ಕೇಳೋರಿಗೆಲ್ಲ ಇಷ್ಟು ಪ್ರೀತಿ?" ಅಂತ ಕಾಲೆಳೆದಳು.

ಒಂದು ಮಾತು ಮಾಯಾ ಯಾರಿಗೂ ಹೇಳಿರಲಿಲ್ಲ. ಇಂಪನಾಳಿಗೆ ಕೂಡ. ಎಲ್ಲಿ ಇರ್ತೀಯಾ ಅಂತ ಕ್ಲಾಸಿನವರು ಕೇಳಿದರೆ ಅವಳು 'ಮಾರ್ಕೆಟ್ ಹತ್ರ' ಅಂದು ಮಾತು ತೇಲಿಸುತ್ತಿದ್ದಳು. ಚಾಳು ಅನ್ನುವ ಪದ ಬಾಯಿಗೆ ಬರುತ್ತಿರಲಿಲ್ಲ. ಅಂಥ ಮನೆಯ ಗೋಡೆಯನ್ನು ಹೊರಗಿನವನೊಬ್ಬ ಮುಟ್ಟಿ ನೋಡಿ, "ಎಷ್ಟು ಚೆನ್ನಾಗಿದೆ ರೀ ಇದು" ಅಂದಿದ್ದ!

ಆ ಒಂದು ಮಾತಿಗೆ ಅವಳು ಸೋತುಹೋಗಿದ್ದಳು.

*

ಶೂಟಿಂಗಿಗೆ ಇನ್ನು ಕೆಲವೇ ದಿನ. ಅಭಿಲಾಷ ಯೂನಿಟ್ಟಿನ ಕೆಲಸಕ್ಕೆ ಶ್ರೀಲಂಕಾಕ್ಕೆ ಹೋಗಿ ಬರಬೇಕಿತ್ತು.

"ನಾವೇನ್ ತಯಾರಿ ಮಾಡ್ಕೋಬೇಕ್ರಿ?" ಹೊರಟವನನ್ನು ಮಾಯಾ ಕೇಳಿದಳು. "ಅಷ್ಟ ದೊಡ್ಡ ಹೀರೋಯಿನ್ ನಮ್ಮ ಮನೀ ಮುಂದ ಬರ್ತಾಳ..."

ಅವನು ಬಾಯಿ ತೆರೆದ. ಅವಳ ಮುಖ ನೋಡಿದ. ಮತ್ತೆ ಬಾಯಿ ಮುಚ್ಚಿದ.

"ಏನೂ ಬೇಡ... ಹೀಗೇ ಇದ್ರೆ ಸಾಕು. ಹೀಗೇ ಚೆಂದ," ಅಂದು ಗಡಿಬಿಡಿಯಲ್ಲಿ ಸ್ಕೂಟರ್ ಹತ್ತಿದ.

'ಎಷ್ಟು ಸಂಕೋಚ ಈ ಮನಷ್ಯಾಗ!' ಅಂದುಕೊಂಡಳು ಮಾಯಾ. ಅಷ್ಟೇ ಅವಳಿಗೆ ಅರ್ಥವಾಗಿದ್ದು.

ಮನೆಗೆ ಬರುವ ಬೀಗರು 'ಏನೂ ಬ್ಯಾಡ್ರಿ' ಅಂದರೆ ಅಡುಗೆ ಮಾಡದೆ ಇರುತ್ತಾರೆಯೇ? ಅವರು ಬೇಡ ಅನ್ನುವುದು ಅವರ ದೊಡ್ಡತನ, ಮಾಡುವುದು ಇವರ ಮರ್ಯಾದೆ! ಸಕ್ಕುಬಾಯಿ ಅಂದೇ ಹೇಳಿಬಿಟ್ಟಳು. "ಮಂದಿ ಬರ್ತಾರಂದ್ರ ಸುಣ್ಣ ಬಣ್ಣ ಕಾಣಲಾರದ ಮನಿ ಇಟ್ಟರ, ನಮ್ಮನ್ನ ಮನಷ್ಯಾರು ಅಂತಾರೇನ?"

ಹಬ್ಬಕ್ಕೂ ಇರದ ಉತ್ಸಾಹ ಓಣಿಗೆ ಬಂತು. ಬಣ್ಣ ಆರಿಸಿದವಳು ಮಾಯಾ. ಗಿಳಿಹಸಿರು! ಗೋಡೆಯ ಬುಡಕ್ಕೆ ಊರಿನ ಪದ್ಧತಿಯಂತೆ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಬಿಳಿ ಗೆರೆ. ರಜೆ ಹಾಕಿ, ತಲೆಗೆ ಟವೆಲ್ ಕಟ್ಟಿಕೊಂಡು ಏಣಿ ಹತ್ತಿದಳು. ಭೀಮವ್ವ ಹೊಸಲಿಗೆ ಅರಿಶಿನ ಬಳಿದಳು. ಎಂದೂ ಯಾರ ತಂಟೆಗೂ ಬರದ ಹುಲಿಗೆಪ್ಪ ಅಂಗಡಿಯ ಶಟರ್‌ಗೂ ಬಣ್ಣ ಹಚ್ಚಿಸಿದ.

ಕೊನೆಯ ಗೆರೆ ಎಳೆದು ಕೆಳಗಿಳಿದ ಮಾಯಾ, ದೂರ ನಿಂತು ಓಣಿಯನ್ನು ನೋಡಿದಳು. ಕಣ್ಣು ತುಂಬಿ ಬಂತು.

'ಅವ್ರು ನೋಡಿದ್ರ ಏನಂತಾರ? ಕುಣದs ಬಿಡ್ತಾರ...'

*

ಅವನು ಬರುವ ದಿನ ಅವಳು ಅರ್ಧ ದಿನಕ್ಕೇ ಕೆಲಸ ಬಿಟ್ಟು ಬಂದಳು. ರಿಕ್ಷಾ ಇಳಿದು ಓಣಿಯ ಮೂಲೆ ತಿರುಗಿದಳು.

ತಿರುಗಿದವಳು ಅಲ್ಲೇ ನಿಂತಳು.

ಬೆನ್ನಿಗೆ ಡಬ್ಬ ಕಟ್ಟಿಕೊಂಡ ನಾಲ್ಕಾರು ಜನ ಗೋಡೆಗಳಿಗೆ ಮಸಿನೀರು ಸಿಂಪಡಿಸುತ್ತಿದ್ದರು! ಗಿಳಿಹಸಿರಿನ ಮೇಲೆ ಕಪ್ಪು ನೀರು ಇಳಿಯುತ್ತಿತ್ತು. ಕೆಮ್ಮಣ್ಣಿನ ಪಟ್ಟಿಗೆ ಒಬ್ಬ ಕೆಸರು ಮೆತ್ತುತ್ತಿದ್ದ. ನಡುವೆ ವಾಕಿಟಾಕಿ ಹಿಡಿದು ನಿಂತವನು... ಅಭಿಲಾಷ.

ಅವನ ಪಕ್ಕದಲ್ಲಿ ಕಪ್ಪು ಕನ್ನಡಕದವನೊಬ್ಬ ಹಿಂದಿಯಲ್ಲಿ ಕಿರುಚುತ್ತಿದ್ದ. ಮುಂಬೈಯಿಂದ ಬಂದ ಅವನ ಬಾಸ್ ವಿಕ್ರಮ. "ಇನ್ನೂ ಕೊಳೆ ಬೇಕು ನಂಗೆ! ಹೊಸ ಬಣ್ಣದ ಓಣಿ ಇಟ್ಕೊಂಡು ಏನ್ ಮಾಡ್ಲಿ? ಬಡವರ ಮನೆ ಬಡವರ ಮನೆ ಥರ ಕಾಣ್ಬೇಕು, ಅಭಿಲಾಷ!"

ಮಾಯಾ ನೇರ ಅಭಿಲಾಷನ ಮುಂದೆ ಹೋಗಿ ನಿಂತಳು.

"ಮಾಯಾ... ಒಂದ್ನಿಮಿಷ, ನಾನು ಹೇಳ್ತೀನಿ..."

"ಒಂದs ಮಾತು ಕೇಳ್ತೀನ್ರಿ. ಹೌದು ಇಲ್ಲ, ಅಷ್ಟ ಹೇಳ್ರಿ." ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಅವತ್ತ ನಮ್ಮ ಗೋಡಿ ಭಾಳ ಛಂದ ಅದ ಅಂದ್ರಿ. ಅದು ಹಳೇದು, ಹರಕು ಮುರಕು ಅಂತ ಆರಿಸಿದ್ರಿ. ಹೌದೋ ಅಲ್ಲೋ?"

ಅವನು ಅವಳ ಕಣ್ಣನ್ನೇ ನೋಡಿದ. ಸುಳ್ಳು ಹೇಳಿದ್ದರೆ ಅವಳು ನಂಬಿಬಿಡುತ್ತಿದ್ದಳೇನೋ.

"...ಹೌದು."

ಅಷ್ಟೇ.

"ನಾನು ಹುಚ್ಚಿ! ಏಣಿ ಹತ್ತಿ ಬಣ್ಣಾ ಬಳದೆ... ನೀವು ನೋಡಿ ಖುಷಿ ಪಡ್ತೀರಿ ಅಂತ! ನಮ್ಮ ಬಡತನ ನಿಮಗ ಲೊಕೇಶನ್ ಏನ್ರಿ? ನಾನೂ ಲೊಕೇಶನ್ನೇ ಏನು?"

ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೋನಿನಲ್ಲಿ ಅವನ ನಂಬರ್ ಬ್ಲಾಕ್ ಮಾಡಿ ದಿಂಬಿಗೆ ಮುಖ ಒತ್ತಿ ಅತ್ತಳು. ಹೊರಗೆ ಸ್ಪ್ರೇಯ ಸದ್ದು ನಿಲ್ಲಲೇ ಇಲ್ಲ.

*

ಶೂಟಿಂಗ್ ನಡೆದಷ್ಟು ದಿನ ಅವಳು ಇಂಪನಾಳ ಮನೆಯಲ್ಲಿ ಉಳಿದಳು. ಒಂದು ಶಾಟನ್ನೂ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ ಮನೆಗೆ ಬಂದರೆ ಓಣಿಯ ತುಂಬ ಅದೇ ಸುದ್ದಿ. ಹೀರೋಯಿನ್ ಸಕ್ಕುಬಾಯಿಯ ಕೈಯ ಚಹಾ ಕುಡಿದಳಂತೆ, ಭೀಮವ್ವ ಜನಜಂಗುಳಿಯ ಸೀನಿನಲ್ಲಿ ಓಡಿದಳಂತೆ! ಯೂನಿಟ್ಟಿನವರು ನೀರು ಹಾಯಿಸಿ ಗೋಡೆ ತೊಳೆದು ಹೋಗಿದ್ದರು. ಮಸಿಯ ಕರೆ ಮಾತ್ರ ಹಾಗೇ ಉಳಿದಿತ್ತು.

"ನಗೂದ್ ನೋಡು ಎಲ್ಲಾರೂ! ಮನಿಗೆ ಮಸಿ ಬಳದು ಹೋದ್ರೂ ನಾಚಿಕಿ ಇಲ್ಲ ನಿಮಗ," ಮರುದಿನ ಬೆಳಿಗ್ಗೆ ಮಾಯಾ ಅವ್ವನ ಮೇಲೆ ಹರಿಹಾಯ್ದಳು.

ಸಕ್ಕುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮಸಿ ಹೊಡಸು ಅಂದಾಕಿ ನಾನು."

"ಏನಂದಿ?"

"ಅವತ್ತ ನೀ ಬರೂಕಿಂತ ಮೊದ್ಲ ಆ ಹುಡುಗ ಬಂದು ಇಲ್ಲೇ, ಈ ಒಲಿ ಮುಂದ ಕುಂತ. 'ತಪ್ಪು ನಂದಮ್ಮಾ. ಹಳೇದೇ ಬೇಕು ಅಂತ ನಿಮ್ಮ ಮುಖಕ್ಕೆ ಹೇಳೋಕೆ ಬಾಯಿ ಬರ್ಲಿಲ್ಲ. ನೀವು ಬ್ಯಾಡ ಅಂದ್ರೆ ಶೂಟಿಂಗ್ ಬೇರೆ ಕಡೆ ಒಯ್ಯಿರಿ ಅಂತೀನಿ, ಕೆಲ್ಸ ಹೋದ್ರೂ ಹೋಗ್ಲಿ' ಅಂದ. ಅಳ್ತಿದ್ದ, ಹುಡುಗಿ. ಮೀಸಿ ಬಂದ ಗಂಡಸು ಅಳ್ತಿದ್ದ."

ಮಾಯಾ ಒಲೆಯ ಹತ್ತಿರ ಸರಿದು ಕೂತಳು.

"ನಾನು ನಿಮ್ಮಪ್ಪಾ ಮಾತಾಡ್ಕೊಂಡ್ವಿ. ಬಯಲಾಟದಾಗ ಭಿಕಾರಿ ಪಾರ್ಟು ಮಾಡಾಂವ ಮುಖಕ್ಕ ಮಸಿ ಬಡ್ಕೋತಾನ. ಆಟ ಮುಗದ ಮ್ಯಾಲ ತೊಳ್ಕೊಂಡು ಮನಿಗೆ ಹೋಗ್ತಾನ. ಅವಾ ಭಿಕಾರಿ ಆಗ್ತಾನೇನು? ನಮ್ಮ ಮನಿ ಪಾರ್ಟು ಮಾಡ್ತು, ಅಷ್ಟs. ಓಣ್ಯಾಗ ಎಲ್ಲಾರನ್ನೂ ಕೇಳೇ ಹೊಡಸ್ಯಾನ."

"ನನಗ್ಯಾಕ ಹೇಳ್ಲಿಲ್ಲ ಯವ್ವಾ..."

"ಹೇಳಿಸ್ಕೊಳ್ಳಾಕ ನೀ ಎಲ್ಲಿದ್ದಿ? ನನ್ನ ಫೋನೂ ಕಟ್ ಮಾಡ್ತಿದ್ದಿ. ಇವತ್ತ ಮಧ್ಯಾಹ್ನ ಶ್ರೀಲಂಕಾಕ್ಕ ಹೋಗ್ತಾರಂತ ಅವ್ರೆಲ್ಲಾ. ಅದನ್ನರ ಕೇಳ್ಕೊ."

ಮಾಯಾ ನಂಬರ್ ಅನ್‌ಬ್ಲಾಕ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್!

ಚಪ್ಪಲಿ ಅದಲು ಬದಲಾಗಿದೆ ಅನ್ನುವುದೂ ಗೊತ್ತಾಗದೆ ಓಡಿದಳು.

*

ಯೂನಿಟ್ ಉಳಿದಿದ್ದ ಹೋಟೆಲಿನಲ್ಲಿ ಕಸಗುಡಿಸುವ ಹೆಂಗಸು ಬಿಟ್ಟರೆ ಯಾರೂ ಇರಲಿಲ್ಲ. "ತೇ ಸಗಳೇ ಗೇಲೇ," ಎಲ್ಲರೂ ಹೋದರು ಅಂದಳು ಅವಳು. ಬೆಳಿಗ್ಗೆಯೇ ಏರ್‌ಪೋರ್ಟಿಗೆ ಬಸ್ಸು ಹೊರಟಿತ್ತು.

ವಾಪಸ್ ಬರುವ ರಿಕ್ಷಾದಲ್ಲಿ ಮಾಯಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು. ಡ್ರೈವರ್ ಕನ್ನಡಿಯಲ್ಲಿ ನೋಡಿ ಪಾಪ ಅನ್ನಿಸಿ ಹಾಡು ಬಂದ್ ಮಾಡಿದ.

'ಹೌದು ಅಂದ್ರಲ್ಲ ಅವತ್ತು... ಸುಳ್ಳು ಹೇಳ್ಲಿಲ್ಲ. ಅದೂ ತಿಳೀಲಿಲ್ಲ ನನಗ. ಒಂದ್ ನಿಮಿಷ ಅಂದ್ರು, ಆ ಒಂದ್ ನಿಮಿಷಾನೂ ಕೊಡ್ಲಿಲ್ಲ ನಾನು...'

ಓಣಿಯ ಮೂಲೆಯಲ್ಲಿ ಇಳಿದಳು. ತಲೆ ತಗ್ಗಿಸಿಕೊಂಡೇ ನಡೆದಳು. ಮನೆಯ ಮುಂದೆ ಬಂದಾಗ ತಲೆಯ ಮೇಲೆ ಟಪ್ ಅಂತ ಏನೋ ಬಿತ್ತು. ಮುಟ್ಟಿ ನೋಡಿಕೊಂಡಳು.

ಗಿಳಿಹಸಿರು!

ಮೇಲೆ ನೋಡಿದಳು. ಅವಳದೇ ಏಣಿ. ಏಣಿಯ ಮೇಲೆ, ತಲೆಗೆ ಟವೆಲ್ ಕಟ್ಟಿಕೊಂಡು, ಮೊಣಕೈವರೆಗೂ ಹಸಿರಾಗಿ ನಿಂತಿದ್ದ ಅಭಿಲಾಷ. ಕೈಯಲ್ಲಿ ಬ್ರಶ್ಶು.

"ನೀವು... ನೀವು ಹೋಗ್ಲಿಲ್ಲೇನ್ರಿ?"

"ಇಲ್ಲ."

"ಫೋನು?"

"ಬೆಳಿಗ್ಗೆ ಅಂಗಡೀಲಿ ಬಣ್ಣ ಕಲಸೋವಾಗ್ಲೇ ಡಬ್ಬದಲ್ಲಿ ಬಿತ್ತು."

ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಅಭಿಲಾಷ ನಿಧಾನಕ್ಕೆ ಕೆಳಗಿಳಿದು ಬಂದ.

"ಗೋಡೆಗಳನ್ನ ಮೊದಲಿನ ಹಾಗೆ ಮಾಡಿಕೊಟ್ಟು ಬರ್ತೀನಿ, ಒಂದು ವಾರ ಲೇಟಾಗತ್ತೆ ಅಂದೆ. ಹಾಗಾದ್ರೆ ಬರ್ಲೇಬೇಡ ಅಂದ್ರು ವಿಕ್ರಮ ಸರ್. ಸರಿ ಅಂದೆ."

"ನೌಕರಿ ಬಿಟ್ರಿ?! ಗೋಡೀ ಸಲುವಾಗಿ?"

"ಗೋಡೆ ಸಲುವಾಗಿ ಅಲ್ಲ ಮಾಯಾ."

ನಲ್ಲಿಯ ಹತ್ತಿರ ಭೀಮವ್ವ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು, ಸದ್ದಾಗದ ಹಾಗೆ.

"ನಾನು ಅವತ್ತು ನಿಮಗ ಮಾತಾಡ್ಲಿಕ್ಕೇ ಬಿಡ್ಲಿಲ್ಲ. ಅವ್ವ ಎಲ್ಲಾ ಹೇಳಿದ್ಳು. ಭಾಳ ತಪ್ಪಾಯ್ತ್ರಿ," ಅಂದಳು ಮಾಯಾ.

"ತಪ್ಪು ನಂದು. ಮೊದಲ ದಿನಾನೇ ಹೇಳ್ಬೇಕಿತ್ತು. ನಿಮ್ಮ ಮುಖದಲ್ಲಿ ಆ ಖುಷಿ ನೋಡಿ ಧೈರ್ಯ ಬರ್ಲಿಲ್ಲ." ಅವನು ಬ್ರಶ್ಶನ್ನು ಇನ್ನೊಂದು ಕೈಗೆ ಬದಲಿಸಿದ. "ಈಗ್ಲೂ ಸುಳ್ಳು ಹೇಳಲ್ಲ. ನಿಮ್ಮನ್ನ ನೋಡಿದ ತಕ್ಷಣ ಪ್ರೀತಿ ಆಯ್ತು ಅಂತೆಲ್ಲ ಹೇಳಲ್ಲ. ಅವತ್ತು ನಾನು ಗೋಡೆನೇ ನೋಡಿದ್ದು. ಗೋಡೆ ಮಾತ್ರ."

ಮಾಯಾ ತಲೆ ಎತ್ತಿದಳು. "ಈಗ?"

"ಈಗ ನೀವು ಬಿಟ್ಟು ಬೇರೆ ಏನೂ ಕಣ್ಣಿಗೆ ಕಾಣಿಸ್ತಾನೇ ಇಲ್ಲ."

ಅವಳು ಅವನ ಹಿಂದಿನ ಗೋಡೆ ನೋಡಿದಳು. ಒಂದು ಕಡೆ ಬಣ್ಣ ಗಟ್ಟಿ, ಒಂದು ಕಡೆ ತೆಳು. ಕಿಟಕಿಯ ಪಕ್ಕ ಪೂರ್ತಿ ಬಿಟ್ಟೇಹೋಗಿತ್ತು. ಕೆಮ್ಮಣ್ಣಿನ ಪಟ್ಟಿಯ ಮೇಲೆಲ್ಲ ಹಸಿರು ಸೋರಿತ್ತು.

"ಗೊತ್ತಾಗ್ತದ್ರಿ," ಅಂದಳು ಕಣ್ಣೊರೆಸಿಕೊಂಡು. "ಕಾಣಸ್ಲಾರದಕ್ಕs ಹಿಂಗ ಬಳದೀರಿ."

ಅವನು ನಕ್ಕ. ಅವಳೂ ನಕ್ಕಳು. ನಗುತ್ತ ನಗುತ್ತಲೇ ಅತ್ತಳು.

"ಮಾಯಾ, ಕೆಲ್ಸ ಇಲ್ಲ ನಂಗೆ ಈಗ. ಇನ್ನೊಂದು ಹುಡುಕ್ತೀನಿ. ಆದ್ರೂ ಕೇಳ್ತೀನಿ... ನನ್ನ ಮದುವೆ ಆಗ್ತೀರಾ?"

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಕೇಳಿದ್ರ ಸಾಕೇನ್ರಿ? ಅವ್ವನ್ನ ಕೇಳಬೇಕು."

"ಕೇಳಿದೆ. ನೀವು ಬರೋಕೆ ಮುಂಚೆನೇ."

"ಅಯ್ಯ! ಏನಂದ್ಳು?"

"'ಮೊದಲು ಗೋಡಿ ಮುಗಸಪಾ ತಮ್ಮಾ, ಆಮ್ಯಾಲೆ ನೋಡೂಣು' ಅಂದ್ರು."

ಮಾಯಾ ದುಪಟ್ಟಾ ಸೊಂಟಕ್ಕೆ ಬಿಗಿದಳು. ಅವನ ಕೈಯಿಂದ ಬ್ರಶ್ ಕಿತ್ತುಕೊಂಡು ಏಣಿ ಹತ್ತಿದಳು.

"ನಿಮಗ ಬಿಟ್ರ ಇದು ದೀಪಾವಳಿ ತನಕ ಮುಗಿಯಂಗಿಲ್ಲ. ಏಣಿ ಹಿಡೀರಿ, ಗಟ್ಟಿಯಾಗಿ!"